ಹಳೆಯ ಮನೆಯೇ ಪಾಠಶಾಲೆ: ಶಾಖ ಬೇರೆ, ತಾಪ ಬೇರೆ



ಸುಗ್ಗಿ ಮುಗಿದು, ಕಾಳು ಮನೆ ಸೇರಿ, ಕೈಯಲ್ಲಿ ನಾಲ್ಕು ಕಾಸು ಓಡಾಡುವ ಈ ದಿನಗಳಲ್ಲಿ ನಮ್ಮ ಬ್ಲಾಕಿನ ಹಳ್ಳಿಗಳಲ್ಲಿ ಮನೆ ಕೆಲಸದ ಮಾತು ಆರಂಭವಾಗುತ್ತದೆ. ಹಳೆಯ ಮಣ್ಣಿನ ಗೋಡೆಯನ್ನು ಕೆಡವುವುದೋ, ಉಳಿಸುವುದೋ? ನಾಡಹೆಂಚು ಇಳಿಸಿ ತಾರಸಿ ಹಾಕಿಸುವುದೋ, ತಗಡು ಹೊದಿಸುವುದೋ? ಈ ಪ್ರಶ್ನೆಗೆ ಬಹುಮಂದಿ ದುಡ್ಡಿನ ಲೆಕ್ಕವೊಂದನ್ನೇ ಹಾಕುತ್ತಾರೆ. ಇನ್ನು ಕೆಲವರು ನೆರೆಯವರ ಮನೆಯನ್ನು ನೋಡಿ ತೀರ್ಮಾನಿಸುತ್ತಾರೆ. ಶಾಖದ ಲೆಕ್ಕವನ್ನು ಹಾಕುವವರು ಅಪರೂಪ. ಆದರೆ ಒಮ್ಮೆ ಕಟ್ಟಿದ ಮನೆಯಲ್ಲಿ ಮೂವತ್ತು ನಲವತ್ತು ಬೇಸಿಗೆಗಳನ್ನು ಕಳೆಯಬೇಕಾಗುತ್ತದೆ. ಮುದುಕರು, ಹಸುಗೂಸುಗಳು, ಹಸು, ರೇಷ್ಮೆ ಹುಳು ಎಲ್ಲವೂ ಆ ಸೂರಿನ ಕೆಳಗೇ ಇರಬೇಕಾಗುತ್ತದೆ.

ನಮ್ಮ ಹಳ್ಳಿಗಳಿಂದ ಪೀಣ್ಯದ ಕಾರ್ಖಾನೆಗಳಿಗೆ ದುಡಿಯಲು ಹೋದ ಹುಡುಗರು ಬೆಂಗಳೂರಿನ ಪಶ್ಚಿಮ ಭಾಗದ ನಂದಿನಿ ಲೇಔಟ್, ಲಗ್ಗೆರೆ ಮುಂತಾದ ಕಡೆ ಬಾಡಿಗೆ ಮನೆಗಳಲ್ಲಿ ಇದ್ದಾರೆ. ಅಲ್ಲಿ ಸುತ್ತಮುತ್ತ ಕುರುಬರಹಳ್ಳಿ, ಕೇತಮಾರನಹಳ್ಳಿ, ಸಾಣೆಗುರುವನಹಳ್ಳಿ ಎಂದು ಹೆಸರಿನಲ್ಲಿ ಹಳ್ಳಿ ಉಳಿದಿದೆ. ಮನೆಗಳು ಮಾತ್ರ ಕಾಂಕ್ರೀಟಿನವು. ಮೇಲಂತಸ್ತಿನಲ್ಲಿ, ತಾರಸಿಯ ನೇರ ಕೆಳಗೆ ಮಲಗುವವರನ್ನು ಕೇಳಿ ನೋಡಿರಿ. "ಹೊರಗೆ ತಣ್ಣನೆಯ ಗಾಳಿ, ಒಳಗೆ ರಾತ್ರಿ ಹತ್ತಾದರೂ ಸೂರು ಬೇಯುತ್ತದೆ" ಎನ್ನುತ್ತಾರೆ. ಅವರೇ ಯುಗಾದಿಗೆ ಊರಿಗೆ ಬಂದು ಅಜ್ಜನ ಕಾಲದ ನಡುಮನೆಯಲ್ಲಿ ಚಾಪೆ ಹಾಸಿಕೊಂಡರೆ, ನಡುಹಗಲಿನಲ್ಲೂ ಕಣ್ಣು ಮುಚ್ಚುತ್ತದೆ. ಸೂರ್ಯ ಒಬ್ಬನೇ, ಬಿಸಿಲು ಒಂದೇ. ವ್ಯತ್ಯಾಸ ಎಲ್ಲಿಂದ ಬಂತು?

ಇದಕ್ಕೆ ಉತ್ತರ ನಿಮ್ಮ ಮಕ್ಕಳ ವಿಜ್ಞಾನ ಪುಸ್ತಕದಲ್ಲಿ ಉಷ್ಣದ ಪಾಠದಲ್ಲಿದೆ. ಮಕ್ಕಳಿಗೆ ವಹನ, ಸಂವಹನ, ವಿಕಿರಣ ಎಂಬ ಮಾತುಗಳು ಬಾಯಿಪಾಠವಾಗಿವೆ. ನಿಮಗೆ ಗೋಡೆ, ಸೂರು, ಜಗುಲಿಗಳ ಗುಣ ಅನುಭವದಿಂದ ಗೊತ್ತು. ಪಾಠದ ಒಂದು ಅರ್ಧ ಮಗುವಿನ ಬಳಿ, ಇನ್ನೊಂದು ಅರ್ಧ ತಂದೆಯ ಬಳಿ ಇದೆ. ಎರಡನ್ನೂ ಕೂಡಿಸುವುದೇ ಈ ಲೇಖನದ ಉದ್ದೇಶ. ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಓದಿರಿ.

1. ಶಾಖ ಎಂದರೇನು, ತಾಪ ಎಂದರೇನು?

ಆಡುಮಾತಿನಲ್ಲಿ ನಾವು ಎರಡಕ್ಕೂ "ಬಿಸಿ" ಎಂದೇ ಹೇಳುತ್ತೇವೆ. ಆದರೆ ಇವು ಎರಡು ಬೇರೆ ಬೇರೆ ಸಂಗತಿಗಳು. ಒಂದು ವಸ್ತು ಎಷ್ಟು ಬಿಸಿಯಾಗಿದೆ ಎಂಬುದನ್ನು ಹೇಳುವ ಅಂಕಿಯೇ ತಾಪ. ಹವಾಮಾನ ವರದಿಯವರು ಇದನ್ನೇ ಉಷ್ಣಾಂಶ ಎನ್ನುತ್ತಾರೆ. ಇದನ್ನು ಥರ್ಮಾಮೀಟರಿನಿಂದ ಡಿಗ್ರಿಗಳಲ್ಲಿ ಅಳೆಯುತ್ತಾರೆ. ಒಂದು ವಸ್ತುವಿನಿಂದ ಇನ್ನೊಂದಕ್ಕೆ ಹರಿಯುವ ಕಾವಿನ ಮೊತ್ತವೇ ಶಾಖ. ಇದನ್ನು ಕ್ಯಾಲೊರಿಗಳಲ್ಲಿ ಎಣಿಸಬಹುದು. ಒಂದು ಲೀಟರ್ ನೀರನ್ನು ಒಂದು ಡಿಗ್ರಿ ಬಿಸಿ ಮಾಡಲು ಬೇಕಾಗುವ ಶಾಖವೇ ಒಂದು ಕಿಲೋ ಕ್ಯಾಲೊರಿ.

ಬಾವಿಯ ಉದಾಹರಣೆ ತೆಗೆದುಕೊಳ್ಳಿರಿ. ಬಾವಿಯಲ್ಲಿ ನೀರು ಎಷ್ಟು ಎತ್ತರಕ್ಕಿದೆ ಎಂಬುದು ಒಂದು ಮಾತು. ಒಟ್ಟು ಎಷ್ಟು ಕೊಡ ನೀರಿದೆ ಎಂಬುದು ಇನ್ನೊಂದು ಮಾತು. ಕಿರಿದಾದ ಬಾವಿಯಲ್ಲಿ ನಾಲ್ಕು ಕೊಡ ಸುರಿದರೂ ಮಟ್ಟ ಏರುತ್ತದೆ. ಅಗಲವಾದ ಕೆರೆಗೆ ನಾಲ್ಕು ನೂರು ಕೊಡ ಸುರಿದರೂ ಮಟ್ಟ ಏರಿದ್ದು ಕಾಣುವುದಿಲ್ಲ. ತಾಪವೆಂದರೆ ಮಟ್ಟ, ಶಾಖವೆಂದರೆ ಕೊಡಗಳ ಲೆಕ್ಕ.

ಇನ್ನು ಬಚ್ಚಲು ಮನೆಗೆ ಬನ್ನಿರಿ. ಒಂದು ಲೋಟದಲ್ಲಿ 200 ಮಿಲಿಲೀಟರ್ ಕುದಿಯುವ ನೀರಿದೆ. ಅದರ ತಾಪ ಸುಮಾರು 100 ಡಿಗ್ರಿ. ಹಂಡೆಯಲ್ಲಿ 50 ಲೀಟರ್ ಬೆಚ್ಚನೆಯ ನೀರಿದೆ. ಅದರ ತಾಪ 40 ಡಿಗ್ರಿ. ಎರಡೂ 25 ಡಿಗ್ರಿಗೆ ಆರುವ ತನಕ ಎಷ್ಟು ಶಾಖ ಬಿಡುತ್ತವೆ? ಲೋಟದ ನೀರು 15 ಕಿಲೋ ಕ್ಯಾಲೊರಿ ಬಿಡುತ್ತದೆ. ಹಂಡೆಯ ನೀರು 750 ಕಿಲೋ ಕ್ಯಾಲೊರಿ ಬಿಡುತ್ತದೆ. ಲೋಟ ಕೈ ಸುಡುತ್ತದೆ, ಹಂಡೆ ಸುಡುವುದಿಲ್ಲ. ಆದರೂ ಹಂಡೆಯಲ್ಲಿರುವ ಶಾಖ ಐವತ್ತು ಪಟ್ಟು. ಹಂಡೆ ಕಾಯಿಸಲು ಎಷ್ಟು ಸೌದೆ ಉರಿಸಬೇಕು ಎಂಬುದನ್ನು ತಿಳಿದ ಹೆಣ್ಣುಮಕ್ಕಳಿಗೆ ಈ ಲೆಕ್ಕವನ್ನು ಬೇರೆಯಾಗಿ ಹೇಳಬೇಕಾಗಿಲ್ಲ.

ಈ ಎರಡರ ಭೇದವನ್ನು ಮೊದಲು ಸ್ಪಷ್ಟವಾಗಿ ತೋರಿಸಿದವರಲ್ಲಿ ಸ್ಕಾಟ್ಲೆಂಡಿನ ಜೋಸೆಫ್ ಬ್ಲ್ಯಾಕ್ ಎಂಬ ವಿಜ್ಞಾನಿ ಮುಖ್ಯನು. ಅದು 1760ರ ಆಸುಪಾಸಿನ ಮಾತು. ಡಿಗ್ರಿ ಎಣಿಸುವ ಈಗಿನ ಅಳತೆಗೆ 1742ರಲ್ಲಿ ನೂರು ಭಾಗದ ಮಾಪನವನ್ನು ಹೇಳಿದ ಸ್ವೀಡನ್ ದೇಶದ ಸೆಲ್ಸಿಯಸ್ ಎಂಬಾತನ ಹೆಸರೇ ಇದೆ.

2. ಕೈಯನ್ನು ನಂಬಬೇಡಿರಿ

ಬೆಳಗಿನ ಜಾವ ಎದ್ದು, ರಾತ್ರಿಯಿಡೀ ಮೂಲೆಯಲ್ಲಿದ್ದ ಕುಡುಗೋಲನ್ನು ಮುಟ್ಟಿ ನೋಡಿರಿ. ಕಬ್ಬಿಣ ತಣ್ಣಗೆ ಕೊರೆಯುತ್ತದೆ, ಮರದ ಹಿಡಿ ಹಾಗಿಲ್ಲ. ಎರಡೂ ಒಂದೇ ಕೋಣೆಯಲ್ಲಿ ಇಡೀ ರಾತ್ರಿ ಇದ್ದವು; ಎರಡರ ತಾಪವೂ ಒಂದೇ. ಕಬ್ಬಿಣವು ನಿಮ್ಮ ಕೈಯ ಶಾಖವನ್ನು ಬೇಗ ಎಳೆದುಕೊಂಡು ಒಯ್ಯುತ್ತದೆ, ಮರವು ನಿಧಾನವಾಗಿ ಒಯ್ಯುತ್ತದೆ. ಹೀಗೆ ಒಂದು ವಸ್ತುವಿನೊಳಗೆ ಶಾಖ ಸಾಗಿಹೋಗುವುದನ್ನು ವಹನ ಎನ್ನುತ್ತಾರೆ. ಕೈಗೆ ತಿಳಿಯುವುದು ಶಾಖ ಹರಿಯುವ ವೇಗ. ತಾಪವನ್ನು ಹೇಳಬಲ್ಲದ್ದು ಮಾಪಕ ಮಾತ್ರ.

ಆದುದರಿಂದ ಪ್ರತಿ ಯುವಕ ಮಂಡಳಿಯೂ ಗೋಡೆಗೆ ತೂಗುಹಾಕುವ ಥರ್ಮಾಮೀಟರ್ ಒಂದನ್ನು ಕೊಳ್ಳತಕ್ಕದ್ದು. ಜ್ವರ ನೋಡುವ ಥರ್ಮಾಮೀಟರ್ ಈ ಕೆಲಸಕ್ಕೆ ಬಾರದು. ಅದು ಸುಮಾರು 35ರಿಂದ 42 ಡಿಗ್ರಿಯವರೆಗೆ ಮಾತ್ರ ತೋರಿಸುತ್ತದೆ.

3. ಮಣ್ಣಿನ ಗೋಡೆಯ ಲೆಕ್ಕ

ನಮ್ಮ ಕಡೆಯ ಹಳೆಯ ಮನೆಗಳ ಮಣ್ಣಿನ ಗೋಡೆ ಸಾಮಾನ್ಯವಾಗಿ ಒಂದೂವರೆ ಅಡಿ ದಪ್ಪ. ಹತ್ತು ಅಡಿ ಉದ್ದ, ಹತ್ತು ಅಡಿ ಎತ್ತರದ ಒಂದು ಗೋಡೆಯನ್ನು ತೆಗೆದುಕೊಂಡರೆ ಅದರಲ್ಲಿ ಸುಮಾರು 7,000 ಕಿಲೋಗ್ರಾಂ ಮಣ್ಣಿದೆ. ಒಣ ಮಣ್ಣನ್ನು ಬಿಸಿ ಮಾಡಲು ಅದೇ ತೂಕದ ನೀರಿಗೆ ಬೇಕಾದ ಶಾಖದ ಐದರಲ್ಲೊಂದು ಪಾಲು ಸಾಕು. ಈ ಗುಣಕ್ಕೆ ವಿಶಿಷ್ಟೋಷ್ಣ ಎಂದು ಹೆಸರು. ಅಂತೂ ಆ ಒಂದು ಗೋಡೆ ಒಂದೇ ಒಂದು ಡಿಗ್ರಿ ಬಿಸಿಯಾಗಬೇಕಾದರೆ ಸುಮಾರು 1,400 ಕಿಲೋ ಕ್ಯಾಲೊರಿ ಶಾಖ ಬೇಕು.

ಅದೇ ಹತ್ತಡಿ ಅಗಲ, ಹತ್ತಡಿ ಉದ್ದದ ತಗಡಿನ ಸೂರನ್ನು ನೋಡಿರಿ. ಅರ್ಧ ಮಿಲಿಮೀಟರ್ ದಪ್ಪವಾದರೆ ಅದರ ತೂಕ ಮೂವತ್ತಾರು ಕಿಲೋಗ್ರಾಂ. ಅದು ಒಂದು ಡಿಗ್ರಿ ಏರಲು ಕೇವಲ 4 ಕಿಲೋ ಕ್ಯಾಲೊರಿ ಸಾಕು. ಇನ್ನು ಆ ಕೋಣೆಯೊಳಗಿನ ಗಾಳಿ: ಹತ್ತಡಿ ಚೌಕದ, ಹತ್ತಡಿ ಎತ್ತರದ ಕೋಣೆಯಲ್ಲಿ ಮೂವತ್ತು ಕಿಲೋಗ್ರಾಂಗಿಂತ ತುಸು ಹೆಚ್ಚು ಗಾಳಿಯಿದೆ, ಅದು ಒಂದು ಡಿಗ್ರಿ ಏರಲು ಸುಮಾರು 8 ಕಿಲೋ ಕ್ಯಾಲೊರಿ ಬೇಕು.

ಗೋಡೆಗೆ 1,400, ತಗಡಿಗೆ 4, ಗಾಳಿಗೆ 8. ಈ ಮೂರು ಅಂಕಿಗಳನ್ನು ನೆನಪಿಡಿರಿ. ಪಾಠದ ತಿರುಳೆಲ್ಲ ಇವುಗಳಲ್ಲಿದೆ. ನಡುಹಗಲಿನಲ್ಲಿ ಬಾಗಿಲಿನಿಂದ ಬಿಸಿಗಾಳಿ ನುಗ್ಗಿದರೆ, ರಾತ್ರಿ ತಂಪಾಗಿದ್ದ ಮಣ್ಣಿನ ಗೋಡೆ ಅದರ ಶಾಖವನ್ನು ಕುಡಿದುಬಿಡುತ್ತದೆ. ಗಾಳಿ ತಣ್ಣಗಾಗುತ್ತದೆ, ಗೋಡೆಯ ತಾಪ ಏರಿದ್ದು ತಿಳಿಯುವುದೂ ಇಲ್ಲ. ಅಗಲವಾದ ಕೆರೆಗೆ ನಾಲ್ಕು ಕೊಡ ಸುರಿದಂತೆ. ತಗಡಿಗೆ ಹಾಗಲ್ಲ, ಅದು ಕಿರಿದಾದ ಬಾವಿ. ಸ್ವಲ್ಪ ಬಿಸಿಲು ಬಿದ್ದರೂ ಅದರ ತಾಪ ಚಿಮ್ಮಿ, ಕೈ ಇಡಲಾಗದಷ್ಟು ಸುಡುತ್ತದೆ.

ಒಂದು ಮಾತನ್ನು ಸೇರಿಸಬೇಕು. ಒಂದು ಹಗಲಿನಲ್ಲಿ ಗೋಡೆಯ ಇಡೀ ದಪ್ಪ ಈ ಕೆಲಸಕ್ಕೆ ಬರುವುದಿಲ್ಲ. ಒಳಮೈಯ ಕೆಲವು ಅಂಗುಲ ಮಾತ್ರ ಬರುತ್ತದೆ. ಅಷ್ಟು ಬಂದರೂ ಕೋಣೆಯ ಗಾಳಿಗೆ ಹೋಲಿಸಿದರೆ ಅದು ಬಹಳ ದೊಡ್ಡ ಕಣಜವೇ ಸರಿ.

4. ಬಿಸಿಲಿಗೆ ಗೋಡೆ ದಾಟಲು ಎಷ್ಟು ಹೊತ್ತು?

ಹಗಲಿನ ಬಿಸಿಲು ಗೋಡೆಯ ಹೊರಮೈಯನ್ನು ಕಾಯಿಸುತ್ತದೆ. ಆ ಕಾವು ಒಂದು ಅಲೆಯಂತೆ ನಿಧಾನವಾಗಿ ಒಳಕ್ಕೆ ನಡೆಯುತ್ತದೆ. ಒಂದಡಿ ದಪ್ಪದ ಮಣ್ಣಿನ ಗೋಡೆಯನ್ನು ದಾಟಲು ಅದಕ್ಕೆ ಎಂಟು ಹತ್ತು ಗಂಟೆ ಬೇಕು. ಒಂದೂವರೆ ಅಡಿಯಾದರೆ ಹನ್ನೆರಡು ಗಂಟೆಗೂ ಮೀರುತ್ತದೆ. ದಾರಿಯಲ್ಲಿ ಅಲೆ ಸವೆಯುತ್ತಲೂ ಹೋಗುತ್ತದೆ. ಒಳಮೈ ತಲಪುವಾಗ ಹೊರಗಿನ ಏರಿಳಿತದಲ್ಲಿ ನೂರಕ್ಕೆ ಕೆಲವೇ ಪಾಲು ಉಳಿದಿರುತ್ತದೆ. ಅಂದರೆ ಮಧ್ಯಾಹ್ನದ ಕಾವು ಒಳಗೆ ಬರುವಷ್ಟರಲ್ಲಿ ನಡುರಾತ್ರಿ ದಾಟಿರುತ್ತದೆ. ಆಗ ಹೊರಗೆ ತಂಗಾಳಿ ಇರುತ್ತದೆ, ಸ್ವಲ್ಪ ಬೆಚ್ಚಗಾದರೂ ಬಾಧೆಯಿಲ್ಲ. ಮಾಗಿಯ ಚಳಿಯಲ್ಲಂತೂ ಅದೇ ಉಪಕಾರ.

ನಾಲ್ಕೈದು ಅಂಗುಲದ ಕಾಂಕ್ರೀಟ್ ತಾರಸಿಯನ್ನು ದಾಟಲು ಕಾವಿಗೆ ಮೂರು ನಾಲ್ಕು ಗಂಟೆ ಸಾಕು, ಸವೆಯುವುದೂ ಕಡಿಮೆ. ಮಧ್ಯಾಹ್ನ ಒಂದು ಎರಡು ಗಂಟೆಯ ಬಿಸಿಲು ಸಂಜೆ ಐದು ಆರರ ಹೊತ್ತಿಗೆ ಒಳಮೈಗೆ ಇಳಿಯುತ್ತದೆ. ದುಡಿದು ದಣಿದವರು ಮನೆಗೆ ಬರುವ ಹೊತ್ತೂ ಅದೇ. ಅಲ್ಲಿಂದ ಮುಂದೆ ಬಹಳ ಹೊತ್ತು ಆ ಕಾಂಕ್ರೀಟು ತಾನು ಕುಡಿದ ಶಾಖವನ್ನು ಕೆಳಗೆ ಸೂಸುತ್ತಿರುತ್ತದೆ. ನಂದಿನಿ ಲೇಔಟಿನ ಮೇಲಂತಸ್ತಿನ ಸೂರು ರಾತ್ರಿ ಹತ್ತಕ್ಕೂ ಬೇಯುವ ಕಾರಣ ಇದೇ. ತಗಡಾದರೋ ಬಿಸಿಲು ಬಿದ್ದ ಕೂಡಲೇ ಕಾಯುತ್ತದೆ, ಬಿಸಿಲು ಇಳಿದ ಕೂಡಲೇ ಆರುತ್ತದೆ.

ಇದೇ ಸೂತ್ರ ಹಗೇವಿನಲ್ಲೂ ಇದೆ. ನೆಲದೊಳಗೆ ಎರಡು ಮೂರು ಅಡಿ ಇಳಿದರೆ ಸಾಕು, ಹಗಲು ರಾತ್ರಿಗಳ ಏರಿಳಿತ ಅಲ್ಲಿಗೆ ಮುಟ್ಟುವುದಿಲ್ಲ. ನಮ್ಮ ಹಿರಿಯರು ರಾಗಿಯನ್ನು ಹಗೇವಿಗೆ ತುಂಬಿ ಬಾಯಿ ಮುಚ್ಚಿ ವರ್ಷಗಟ್ಟಲೆ ಕಾಪಾಡಿದ್ದು ಸಮನಾದ ತಾಪ ಮತ್ತು ಗಾಳಿ ಆಡದ ಬಿಗಿ ಎಂಬ ಎರಡು ಬಲಗಳಿಂದ.

5. ಸೂರಿನ ವಿಚಾರ

ಮನೆಗೆ ಹೆಚ್ಚಿನ ಬಿಸಿಲು ಬೀಳುವುದು ಸೂರಿನ ಮೇಲೆ. ಆದುದರಿಂದ ಗೋಡೆಗಿಂತ ಸೂರಿನ ಆಯ್ಕೆಯೇ ಮುಖ್ಯ.

ಅಲುಗದೆ ನಿಂತ ಗಾಳಿ ಶಾಖವನ್ನು ಒಯ್ಯುವುದರಲ್ಲಿ ಬಹಳ ಸೋಮಾರಿ. ಅದಕ್ಕೆ ಹೋಲಿಸಿದರೆ ಮಣ್ಣು ಇಪ್ಪತ್ತು ಮೂವತ್ತು ಪಟ್ಟು, ಕಾಂಕ್ರೀಟು ಸುಮಾರು ಅರವತ್ತು ಪಟ್ಟು, ನಮ್ಮ ಕಡೆಯ ಚಪ್ಪಡಿ ಕಲ್ಲು ನೂರು ಪಟ್ಟು, ಕಬ್ಬಿಣ ಸುಮಾರು ಎರಡು ಸಾವಿರ ಪಟ್ಟು ಶಾಖವನ್ನು ಒಯ್ಯುತ್ತವೆ. ಹುಲ್ಲು ಹೊದಿಸಿದ ಗುಡಿಸಲು ತಂಪೆಂದು ಹೇಳುವುದೇಕೆ? ಹುಲ್ಲಿನ ಎಳೆಗಳ ನಡುವೆ ಗಾಳಿ ಸಿಕ್ಕಿಕೊಂಡು ನಿಂತಿರುತ್ತದೆ. ಕಂಬಳಿ ನಮ್ಮನ್ನು ಚಳಿಯಿಂದ ಕಾಯುವುದೂ ಇದೇ ರೀತಿ. ಹುಲ್ಲಿನ ಸೂರು ಮನೆಗೆ ಹೊದಿಸಿದ ಕಂಬಳಿ. ಹೊರಗಿನ ಶಾಖವನ್ನು ಹೊರಗೇ ತಡೆಯುತ್ತದೆ.

ನಾಡಹೆಂಚನ್ನು ಒಂದರ ಮೇಲೊಂದು ಹೊದಿಸುವಾಗ ನಡುವೆ ಸಣ್ಣ ಸಂದುಗಳು ಉಳಿಯುತ್ತವೆ. ಸೂರಿಗೆ ಏರಿದ ಬಿಸಿಗಾಳಿ ಆ ಸಂದುಗಳಿಂದ ಹೊರಬೀಳುತ್ತದೆ. 1865ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದ ಮೇಲೆ ಮಂಗಳೂರು ಹೆಂಚು ನಾಡಿನಲ್ಲೆಲ್ಲ ಹಬ್ಬಿತು. ಅದೂ ಮಣ್ಣಿನದೇ, ಅದರಲ್ಲೂ ಗಾಳಿಗೆ ಸಂದು ಉಂಟು. ಇದರ ಜೊತೆಗೆ ಹಳೆಯ ಮನೆಗಳಲ್ಲಿ ಹಲಗೆಯ ಮೇಲೆ ಮಣ್ಣು ಮೆತ್ತಿದ ಅಟ್ಟವಿರುತ್ತದೆ. ಹೆಂಚಿನ ಕಾವು ಅಟ್ಟದ ಮೇಲಿನ ಗಾಳಿಯಲ್ಲೇ ಉಳಿದು, ಕೆಳಗೆ ಮಲಗಿದವರಿಗೆ ತಟ್ಟುವುದಿಲ್ಲ. ಅಟ್ಟವನ್ನು ಸಾಮಾನು ಇಡುವ ಜಾಗವೆಂದು ಮಾತ್ರ ಎಣಿಸಬಾರದು. ಅದು ಎರಡನೆಯ ಸೂರು.

6. ತೊಟ್ಟಿ, ಬೆಳಕಿಂಡಿ ಮತ್ತು ಗಾಳಿಯ ದಾರಿ

ಬಿಸಿಯಾದ ಗಾಳಿ ಹಿಗ್ಗಿ ಹಗುರಾಗುತ್ತದೆ. ಹಗುರಾದುದು ಮೇಲಕ್ಕೆ ಏರುತ್ತದೆ. ಅದರ ಜಾಗಕ್ಕೆ ತಂಪಾದ ಗಾಳಿ ಬರುತ್ತದೆ. ಹೀಗೆ ಗಾಳಿಯೋ ನೀರೋ ತಾನೇ ಚಲಿಸಿ ಶಾಖವನ್ನು ಹೊತ್ತೊಯ್ಯುವುದೇ ಸಂವಹನ. ತೊಟ್ಟಿ ಮನೆಯ ನಡುವಿನ ತೆರೆದ ತೊಟ್ಟಿ, ಸೂರಿನಲ್ಲಿ ಬಿಟ್ಟ ಬೆಳಕಿಂಡಿ, ಅಡಿಗೆ ಮನೆಯ ಹೊಗೆಗಂಡಿ ಇವೆಲ್ಲ ಬಿಸಿಗಾಳಿ ಹೊರಹೋಗುವ ದಾರಿಗಳು.

ಮಾಡಿ ನೋಡಿರಿ: ಮಧ್ಯಾಹ್ನ ಬಾಗಿಲ ಬಳಿ ನೆಲದ ಹತ್ತಿರ ಒಂದು ಊದುಬತ್ತಿ ಹಚ್ಚಿಡಿರಿ. ಹೊಗೆ ಯಾವ ಕಡೆ ಬಾಗುತ್ತದೆಂದು ಮಕ್ಕಳು ಗುರುತಿಸಲಿ. ಬಳಿಕ ಬೆಳಕಿಂಡಿಯ ಕೆಳಗೆ ಹಿಡಿದು ನೋಡಲಿ. ಕಾಣದ ಗಾಳಿಯ ನಡೆಯನ್ನು ಹೊಗೆ ಬರೆದು ತೋರಿಸುತ್ತದೆ. ಬೆಳಕಿಂಡಿಯನ್ನು ಗೋಣಿಯಿಂದ ಮುಚ್ಚಿ ಮತ್ತೊಮ್ಮೆ ನೋಡಿದರೆ ಅದರ ಬೆಲೆ ತಿಳಿಯುತ್ತದೆ.

7. ಸುಣ್ಣ, ಜಗುಲಿ, ಸಾರಣೆ

ಒಲೆಯಿಂದ ಮಾರು ದೂರ ಕುಳಿತರೂ ಮುಖಕ್ಕೆ ಕಾವು ತಗಲುತ್ತದೆ. ಅಡ್ಡಲಾಗಿ ಮೊರ ಹಿಡಿದರೆ ಕಾವು ನಿಲ್ಲುತ್ತದೆ. ಯಾವ ವಸ್ತುವಿನ ನೆರವೂ ಇಲ್ಲದೆ ಶಾಖವು ಕಿರಣವಾಗಿ ಬರುವ ಈ ಬಗೆಯೇ ವಿಕಿರಣ. ಸೂರ್ಯನ ಶಾಖ ನಮಗೆ ಬರುವುದೂ, ಕಾದ ತಾರಸಿಯ ಶಾಖ ಮಲಗಿದವನ ಮೈಮೇಲೆ ಇಳಿಯುವುದೂ ಹೀಗೆಯೇ. ಹೊಸದಾಗಿ ಬಳಿದ ಬಿಳಿ ಸುಣ್ಣ, ಬಿದ್ದ ಬಿಸಿಲಿನಲ್ಲಿ ನೂರಕ್ಕೆ ಎಪ್ಪತ್ತು ಪಾಲನ್ನು ಹಿಂದಕ್ಕೆ ಕಳಿಸಬಲ್ಲದು. ಚಾಚಿದ ಸೂರು ಮತ್ತು ಜಗುಲಿ ಬಿಸಿಲು ಗೋಡೆಗೆ ಬೀಳದಂತೆಯೇ ತಡೆಯುತ್ತವೆ. ಹಬ್ಬಕ್ಕೆ ಸುಣ್ಣ ಬಳಿಯುವುದು ಅಂದಕ್ಕೆ ಮಾತ್ರವಲ್ಲ, ಬೇಸಿಗೆಗೆ ಸಿದ್ಧತೆಯೂ ಹೌದು.

ಸಗಣಿ ಸಾರಿಸಿದ ನೆಲ ತಂಪಾಗಿರುವುದಕ್ಕೆ ಇನ್ನೊಂದು ಕಾರಣವಿದೆ. ನೀರು ಆರಿಹೋಗುವಾಗ ಸುತ್ತಲಿನ ಶಾಖವನ್ನು ಸೆಳೆದುಕೊಳ್ಳುತ್ತದೆ. ಇದಕ್ಕೆ ಗುಪ್ತೋಷ್ಣ ಎಂದು ಹೆಸರು. ಒಂದು ಲೀಟರ್ ನೀರು ನಮ್ಮ ಹವೆಯಲ್ಲಿ ಆರಲು ಸುಮಾರು 580 ಕಿಲೋ ಕ್ಯಾಲೊರಿ ಬೇಕು. ಕೋಣೆಯ ಗಾಳಿ ಒಂದು ಡಿಗ್ರಿ ಇಳಿಯಲು ತೆಗೆಯಬೇಕಾದದ್ದು ಬರೀ 8 ಎಂದು ಮೇಲೆ ಹೇಳಿದೆವಲ್ಲವೆ? ಮಣ್ಣಿನ ಮಡಕೆಯ ನೀರು ತಣ್ಣಗಿರುವ ಗುಟ್ಟೂ ಇದೇ.

8. ಸೀಮೆಗೊಂದು ಮನೆ

ಒಂದೇ ಬಗೆಯ ಮನೆ ಎಲ್ಲ ಕಡೆಗೂ ಹೊಂದುವುದಿಲ್ಲ. ಬೆಂಗಳೂರಿನಲ್ಲಿ ಏಪ್ರಿಲ್ ತಿಂಗಳ ಹಗಲು ಸರಾಸರಿ 34 ಡಿಗ್ರಿಯ ಸುಮಾರು, ರಾತ್ರಿ 22ರ ಸುಮಾರು. ನಡುವೆ ಹನ್ನೆರಡು ಡಿಗ್ರಿ ಅಂತರ. ಇಂಥ ಕಡೆ ರಾತ್ರಿಯ ತಂಪನ್ನು ಹಗಲಿಗೆ ಕೂಡಿಡುವ ದಪ್ಪ ಗೋಡೆ ಲಾಭ. ರಾಯಚೂರು, ಕಲಬುರಗಿ, ವಿಜಯಪುರಗಳ ಒಣ ಸೀಮೆಯಲ್ಲಿ ದಪ್ಪ ಗೋಡೆಯ ಮೇಲೆ ಮಣ್ಣಿನ ಮಾಳಿಗೆ ಹಾಕಿ, ಕಿಟಕಿಗಳನ್ನು ಚಿಕ್ಕದಾಗಿ ಇಟ್ಟರು. ಕರಾವಳಿಯಲ್ಲಿ ಹಗಲು ರಾತ್ರಿಗಳ ಅಂತರ ಕಡಿಮೆ, ಗಾಳಿಯಲ್ಲಿ ತೇವ ಹೆಚ್ಚು, ಮಳೆ ಬಹಳ. ಅಲ್ಲಿ ಶಾಖವನ್ನು ಕೂಡಿಡುವುದರಿಂದ ಹೆಚ್ಚು ಪ್ರಯೋಜನವಿಲ್ಲ; ಇಳಿಜಾರು ಸೂರು, ನೆರಳು, ಗಾಳಿಯಾಟ ಮುಖ್ಯ. ಮನೆ ಕಟ್ಟಿದವರು ಭೌತಶಾಸ್ತ್ರದ ಪುಸ್ತಕ ಓದಿರಲಿಲ್ಲ. ಅವರವರ ಸೀಮೆಯ ಬಿಸಿಲು ಮಳೆಗಳನ್ನು ಓದಿದ್ದರು.

9. ಹಳೆಯದೆಲ್ಲ ಒಳ್ಳೆಯದೆ?

ಇಲ್ಲ. ಹಳೆಯ ಮನೆಯನ್ನು ಹೊಗಳುವುದಷ್ಟೇ ಈ ಪಾಠವೆಂದು ಯಾರೂ ತಿಳಿಯಬಾರದು. ಕತ್ತಲು, ಒಲೆಯ ಹೊಗೆ, ಗೆದ್ದಲು, ಇಲಿ, ಸೋರುವ ಹೆಂಚು ಇವು ನಿಜವಾದ ತೊಂದರೆಗಳು. ಬುಡಕ್ಕೆ ನೀರು ನಿಂತರೆ ಮಣ್ಣಿನ ಗೋಡೆ ನಿಲ್ಲದು. 2019ರ ಆಗಸ್ಟಿನ ಪ್ರವಾಹದಲ್ಲಿ ಬೆಳಗಾವಿ, ಬಾಗಲಕೋಟೆ ಜಿಲ್ಲೆಗಳಲ್ಲಿ ಅನೇಕ ಮಣ್ಣಿನ ಮನೆಗಳು ಕುಸಿದವು. 1993ರ ಸೆಪ್ಟೆಂಬರ್ 30ರಂದು ನಮ್ಮ ಗಡಿಯಾಚೆ ಲಾತೂರು ಜಿಲ್ಲೆಯ ಕಿಲ್ಲಾರಿಯಲ್ಲಿ ಭೂಕಂಪವಾದಾಗ, ಮಣ್ಣಿನ ಗಾರೆಯ ದಪ್ಪ ಕಲ್ಲುಗೋಡೆಗಳೂ ಭಾರವಾದ ಮಣ್ಣಿನ ಮಾಳಿಗೆಗಳೂ ಮಲಗಿದವರ ಮೇಲೆ ಬಿದ್ದು ಸಾವಿರಾರು ಜನ ಸತ್ತರು. ಶಾಖವನ್ನು ತಡೆಯುವ ಭಾರವೇ ಅಲ್ಲಿ ಮೃತ್ಯುವಾಯಿತು.

ಆದುದರಿಂದ ಹಳೆಯ ಮನೆಯ ಗುಣವನ್ನು ಇಟ್ಟುಕೊಂಡು ದೋಷವನ್ನು ಬಿಡುವುದು ಜಾಣತನ. ಈ ಕೆಲಸ ನಮ್ಮ ಹತ್ತಿರದಲ್ಲೇ ನಡೆದಿದೆ. ನಂದಿನಿ ಲೇಔಟಿನಿಂದ ಕೆಲವೇ ಕಿಲೋಮೀಟರ್ ದೂರದಲ್ಲಿ, ಯಶವಂತಪುರದ ಆಚೆ, ಜನರು ಟಾಟಾ ಇನ್‌ಸ್ಟಿಟ್ಯೂಟ್ ಎಂದು ಕರೆಯುವ ಭಾರತೀಯ ವಿಜ್ಞಾನ ಸಂಸ್ಥೆ ಇದೆ. ಅಲ್ಲಿ 1974ರಲ್ಲಿ ಪ್ರೊಫೆಸರ್ ಅಮೂಲ್ಯ ರೆಡ್ಡಿಯವರ ಮುಂದಾಳತ್ವದಲ್ಲಿ ಹಳ್ಳಿಗಳಿಗೆ ವಿಜ್ಞಾನವನ್ನು ಒದಗಿಸುವ "ಆಸ್ಟ್ರಾ" ಎಂಬ ಕೇಂದ್ರ ಆರಂಭವಾಯಿತು. ತುಮಕೂರು ಜಿಲ್ಲೆ ಕುಣಿಗಲ್ ತಾಲ್ಲೂಕಿನ ಉಂಗ್ರ ಗ್ರಾಮದಲ್ಲಿ ಅದರ ಕೆಲಸ ನಡೆಯಿತು. ಅಲ್ಲಿನವರು ಬೆಳೆಸಿದ ವಿಧಾನಗಳಲ್ಲಿ ಒತ್ತುಮಣ್ಣಿನ ಇಟ್ಟಿಗೆ ಒಂದು. ಮರಳು ಬೆರೆಸಿದ ಮಣ್ಣಿಗೆ ನೂರಕ್ಕೆ ಆರೇಳು ಪಾಲು ಸಿಮೆಂಟು ಸೇರಿಸಿ, ಕೈಯಂತ್ರದಲ್ಲಿ ಒತ್ತಿ, ಕೆಲವು ವಾರ ನೀರುಣಿಸಿ ಹದಮಾಡುತ್ತಾರೆ. ಸುಡಲು ಸೌದೆ ಬೇಕಿಲ್ಲ. ಮಳೆಗೆ ಹಸಿ ಮಣ್ಣಿನಂತೆ ಕರಗುವುದಿಲ್ಲ. ಗೋಡೆ ಮಣ್ಣಿನ ಗೋಡೆಯೇ ಆಗಿರುತ್ತದೆ.

10. ಕೊಟ್ಟಿಗೆ ಮತ್ತು ಹುಳುಮನೆ

ಶಾಖದ ಲೆಕ್ಕ ತಪ್ಪಿದರೆ ನೇರವಾಗಿ ಕೈಗೆ ನಷ್ಟ ಕಾಣುವುದು ಇಲ್ಲಿ. ಚಾಕಿ ಹುಳುವಿಗೆ 26ರಿಂದ 28 ಡಿಗ್ರಿ ತಾಪ ಬೇಕು. ಕೊನೆಯ ಹಂತದ ಹುಳುವಿಗೆ 23ರಿಂದ 25 ಡಿಗ್ರಿ ಹಿತ. ಬರೀ ತಗಡಿನ ಕೆಳಗೆ ಏಪ್ರಿಲ್ ತಿಂಗಳಲ್ಲಿ ಈ ಮಟ್ಟವನ್ನು ಕಾಯುವುದು ಸಾಧ್ಯವಿಲ್ಲ. ಸೀಮೆಹಸುವಿಗೂ ತಾಪ 25-27 ಡಿಗ್ರಿ ಮೀರಿದಂತೆ ಏದುಸಿರು ಹೆಚ್ಚಿ, ಮೇವು ಕಡಿಮೆಯಾಗಿ, ಹಾಲು ಇಳಿಯುತ್ತದೆ. 2016ರ ಏಪ್ರಿಲಿನಲ್ಲಿ ಬೆಂಗಳೂರಿನಲ್ಲೇ 39.2 ಡಿಗ್ರಿ ದಾಖಲಾಯಿತು. ಅದು ನೆರಳಿನಲ್ಲಿ ಅಳೆದ ಗಾಳಿಯ ತಾಪ. ಬಿಸಿಲಿಗೆ ಒಡ್ಡಿದ ತಗಡಿನ ತಾಪ ಅದಕ್ಕಿಂತ ಬಹಳ ಮೇಲಿರುತ್ತದೆ.

ಈಗಾಗಲೇ ತಗಡು ಅಥವಾ ತಾರಸಿ ಹಾಕಿಸಿದವರು ಹೀಗೆ ಮಾಡಬಹುದು:

(ಅ) ಬೇಸಿಗೆಗೆ ಮುಂಚೆ ತಾರಸಿಯ ಮೇಲೆ ಬಿಳಿ ಸುಣ್ಣವನ್ನು ದಟ್ಟವಾಗಿ ಬಳಿಯಿರಿ.

(ಆ) ತಗಡಿನ ಕೆಳಗೆ ಒಂದಡಿ ಬಿಟ್ಟು ಬಿದಿರು ತಟ್ಟಿ ಕಟ್ಟಿರಿ. ಎರಡು ತುದಿಗಳಲ್ಲಿ ಬಿಸಿಗಾಳಿ ಹೊರಹೋಗಲು ದಾರಿ ಇರಲಿ.

(ಇ) ಕೊಟ್ಟಿಗೆಯ ಮೇಲೆ ಸೋರೆ, ಕುಂಬಳದ ಬಳ್ಳಿ ಹಬ್ಬಿಸಿರಿ. ಗರಿ ಅಥವಾ ಹುಲ್ಲು ಹೊದಿಸುವವರು ಒಲೆ, ವಿದ್ಯುತ್ ತಂತಿಗಳಿಂದ ದೂರವಿರುವಂತೆ ನೋಡಿಕೊಳ್ಳತಕ್ಕದ್ದು.

(ಈ) ಪಡುವಣ ಗೋಡೆಗೆ ನೆರಳು ಬೀಳುವಂತೆ ಹೊಂಗೆ, ಬೇವು ಹಾಕಿರಿ.

(ಉ) ದಪ್ಪ ಗೋಡೆಯ ಮನೆಯವರು ಬೆಳಗ್ಗೆ ಒಂಬತ್ತರಿಂದ ಸಂಜೆಯವರೆಗೆ ಕಿಟಕಿ ಮುಚ್ಚಿ, ಕತ್ತಲಾದ ಮೇಲೆ ತೆರೆಯಿರಿ. ಸೊಳ್ಳೆಗೆ ಜಾಲರಿ ಹಾಕಿಸಿರಿ. ರಾತ್ರಿ ಗೋಡೆ ಆರದಿದ್ದರೆ ಮರುದಿನ ಅದು ಶಾಖ ಕುಡಿಯಲಾರದು.

11. ಕೆಡವುವ ಮೊದಲು ಅಳೆಯಿರಿ

ಯುವಕ ಮಂಡಳಿ, ಮಹಿಳಾ ಮಂಡಳಿಗಳು ಶಾಲೆಯ ಮಕ್ಕಳೊಡನೆ ಕೂಡಿ ಈ ಕೆಲಸ ಮಾಡಲಿ. ಊರಿನಲ್ಲಿ ನಾಲ್ಕು ಜಾಗ ಆರಿಸಿರಿ: ಮಣ್ಣಿನ ಗೋಡೆ ಹೆಂಚಿನ ಮನೆ, ತಾರಸಿ ಮನೆ, ತಗಡಿನ ಕೊಟ್ಟಿಗೆ, ಮತ್ತು ಹೊರಗೆ ಮರದ ನೆರಳು. ಬೆಳಗ್ಗೆ 6, ಮಧ್ಯಾಹ್ನ 2, ಸಂಜೆ 6, ರಾತ್ರಿ 10 ಗಂಟೆಗೆ ಏಳು ದಿನ ತಾಪ ಬರೆದಿಡಿರಿ. ಮಾಪಕ ನೆಲದಿಂದ ನಾಲ್ಕಡಿ ಎತ್ತರದಲ್ಲಿರಲಿ. ಬಿಸಿಲು, ಒಲೆ, ಗೋಡೆ ಯಾವುದೂ ತಾಗದಂತೆ ತೂಗುಹಾಕಿ, ಕಾಲು ಗಂಟೆ ಬಿಟ್ಟು ಓದಿರಿ. ಒಂದೇ ಮಾಪಕವಿದ್ದರೆ ಒಂದೊಂದು ಜಾಗಕ್ಕೆ ಹೊತ್ತೊಯ್ದು ಓದುವುದೂ ಸರಿಯೇ. ಏಳು ದಿನವಾದ ಮೇಲೆ ಅತಿ ಹೆಚ್ಚು ಮತ್ತು ಅತಿ ಕಡಿಮೆ ತಾಪಗಳ ಅಂತರವನ್ನು ಪ್ರತಿ ಮನೆಗೂ ಕಳೆದು ತೆಗೆಯಿರಿ. ಅಂತರ ಕಡಿಮೆ ಇರುವ ಮನೆ ಶಾಖವನ್ನು ಚೆನ್ನಾಗಿ ಕಾಯುತ್ತಿದೆ ಎಂದು ತಿಳಿಯಿರಿ.

ನಂದಿನಿ ಲೇಔಟಿನಲ್ಲಿರುವ ನಿಮ್ಮ ಮಕ್ಕಳಿಗೂ ಇದೇ ಹೊತ್ತುಗಳಲ್ಲಿ ಅಳೆದು ಕಳಿಸಲು ಹೇಳಿರಿ. ಎರಡು ಪಟ್ಟಿಗಳನ್ನು ಅಕ್ಕಪಕ್ಕ ಇಟ್ಟರೆ, ಹೊಸ ಮನೆಯ ಬಗ್ಗೆ ಮಾತಾಡುವಾಗ ಮನೆಯವರೆಲ್ಲರ ಮುಂದೆ ಒಂದು ಲೆಕ್ಕವಿರುತ್ತದೆ. ಆಮೇಲೆ ಕೆಡವುವುದಾದರೆ ಕೆಡವಿರಿ, ಉಳಿಸುವುದಾದರೆ ಉಳಿಸಿರಿ. ಆ ತೀರ್ಮಾನ ನಿಮ್ಮದು. ಆದರೆ ಮಣ್ಣಿನ ಮನೆ ಎಂದರೆ ಬಡತನ ಎಂಬ ನಾಚಿಕೆಯಿಂದ ಕೆಡವಬೇಡಿರಿ. ಬಲ್ಲವರು ಕಟ್ಟಿದ ಮನೆ ಅದು.

ಮಂಡಳಿಯಲ್ಲಿ ಚರ್ಚೆಗೆ ಪ್ರಶ್ನೆಗಳು

1. ಲೋಟದ ಕುದಿನೀರು, ಹಂಡೆಯ ಬೆಚ್ಚನೆಯ ನೀರು: ಯಾವುದರ ತಾಪ ಹೆಚ್ಚು, ಯಾವುದರ ಶಾಖ ಹೆಚ್ಚು?

2. ತಗಡಿನ ಕೊಟ್ಟಿಗೆ ಮಧ್ಯಾಹ್ನ ಸುಡುತ್ತದೆ, ರಾತ್ರಿ ಬೇಗ ತಣ್ಣಗಾಗುತ್ತದೆ. ತಾರಸಿ ಮನೆ ರಾತ್ರಿಯೂ ಬಿಸಿ. ಕಾರಣವೇನು?

3. ನಿಮ್ಮ ಮನೆಯಲ್ಲಿ ವಹನ, ಸಂವಹನ, ವಿಕಿರಣಗಳಿಗೆ ಒಂದೊಂದು ಉದಾಹರಣೆ ತೋರಿಸಿರಿ.

4. ಕರಾವಳಿಯ ರೈತನೊಬ್ಬ ನಮ್ಮ ಕಡೆಯ ದಪ್ಪ ಗೋಡೆಯ ಮನೆ ಕಟ್ಟಬಯಸಿದರೆ ನೀವು ಏನು ಸಲಹೆ ಕೊಡುವಿರಿ?

ಅಳತೆಯ ಪಟ್ಟಿಗಳನ್ನು ಮಂಡಳಿಯ ಪುಸ್ತಕದಲ್ಲಿ ಬರೆದಿಟ್ಟಿರಿ. ನಿಮ್ಮ ಹಳ್ಳಿಗೆ ಗ್ರಾಮಸೇವಕರು ಬಂದಾಗ ತೋರಿಸಿದರೆ, ಎಲ್ಲರೂ ಕೂಡಿ ಓದಿ ನೋಡೋಣ.